ಅಜ್ಜಿ ಕುಟ್ಟಿದ ಒನಕೆ ಓಬವ್ವನ ಕೈಗೆ ಬರುವುದು ಹೇಗೆ? ಅನಿಮೇಷನ್ ಚಲನೆಯ ಫೈಲುಗಳ ಒಳಗುಟ್ಟು

ಚಿತ್ರದುರ್ಗದಲ್ಲಿ ಬಿಸಿಎ ಓದುತ್ತಿರುವ ನನ್ನ ಅಕ್ಕನ ಮಗಳು ಹೋದ ಅಕ್ಟೋಬರಿನಲ್ಲಿ ಒಂದು ರಾತ್ರಿ ಫೋನ್ ಮಾಡಿದಳು. ನವೆಂಬರ್ 11ರ ಒನಕೆ ಓಬವ್ವ ಜಯಂತಿಗೆ ಕಾಲೇಜಿನಲ್ಲಿ ತೋರಿಸಲು ಒಂದು ನಿಮಿಷದ ಅನಿಮೇಷನ್ ಮಾಡುತ್ತಿದ್ದಳು. ಓಬವ್ವನ ಗೊಂಬೆಯನ್ನು ಅನಿಮೇಷನ್ ಪ್ರೋಗ್ರಾಂ ಆದ ಬ್ಲೆಂಡರ್‌ನಲ್ಲಿ ತಾನೇ ಕೂತು ಮಾಡಿದ್ದಳು. ಆದರೆ ಒನಕೆ ಹಿಡಿಯುವ ಕೈ, ಬಗ್ಗುವ ಬೆನ್ನು ಮಾತ್ರ ನಿಜವಾದದ್ದೇ ಬೇಕು ಅಂತ ಅವಳ ಆಸೆ. ಅದಕ್ಕೆ ಹಿರಿಯೂರು ಕಡೆಯ ನಮ್ಮ ಹಳ್ಳಿಗೆ ಹೋಗಿ, ಅವಳ ಅಜ್ಜಿ ಒರಳಿನಲ್ಲಿ ಖಾರ ಕುಟ್ಟುವುದನ್ನು ಮೊಬೈಲಿನಲ್ಲಿ ಶೂಟ್ ಮಾಡಿಕೊಂಡು ಬಂದಿದ್ದಳು. ಅವಳ ಅಜ್ಜಿ ಅಂದರೆ ನಮ್ಮವ್ವ.

ಸಾದಾ ವಿಡಿಯೋ ಕೊಟ್ಟರೆ ಅದರಲ್ಲಿರುವವರ ಮೈಯ ಚಲನೆಯನ್ನು ಫೈಲು ಮಾಡಿ ಕೊಡುವ ಆನ್‌ಲೈನ್ ಸೇವೆಗಳು ಈಗ ಬಂದಿವೆ. ಅಂಥದ್ದೊಂದರಿಂದ ಫೈಲು ಇಳಿಸಿಕೊಂಡು ಓಬವ್ವನಿಗೆ ಹಾಕಿದ್ದಳು.

"ಮಾಮಾ, ಓಬವ್ವ ಅಂಗಾತ ಮಲಗಿಬಿಟ್ಟಿದ್ದಾಳೆ. ಎರಡೂ ಕೈ ಎದೆಯೊಳಗೆ ಹೋಗಿವೆ. ಒನಕೆ ಎಲ್ಲೋ ಗಾಳಿಯಲ್ಲಿದೆ. ಫೈಲ್ ಕೆಟ್ಟುಹೋಗಿದೆಯಾ?"

ಫೈಲು ಕೆಟ್ಟಿರಲಿಲ್ಲ. ನಾನು ದಾವಣಗೆರೆಯಲ್ಲಿ ಅನಿಮೇಷನ್ ಕೆಲಸ ಮಾಡುವವನು. ಇದೇ ಪ್ರಶ್ನೆಯನ್ನು ಈಚೆಗೆ ತುಂಬ ಜನ ಕೇಳುತ್ತಿದ್ದಾರೆ. ಮಕ್ಕಳ ಕಥೆಯ ಚಾನೆಲ್ ನಡೆಸುವವರು, ಮೊಬೈಲ್ ಗೇಮ್ ಮಾಡಲು ಹೊರಟ ಹುಡುಗರು, ಯಕ್ಷಗಾನದ ಹೆಜ್ಜೆಗಳನ್ನು ದಾಖಲು ಮಾಡಿಡಬೇಕು ಎನ್ನುವವರು. ಮೊದಲೆಲ್ಲ ಚಲನೆ ಹಿಡಿಯಲು ದೊಡ್ಡ ಸ್ಟುಡಿಯೋ ಬೇಕಿತ್ತು. ಈಗ ಜೇಬಿನಲ್ಲಿರುವ ಫೋನ್ ಸಾಕು. ಹಿಡಿಯುವುದು ಸುಲಭವಾಯಿತು. ಹಿಡಿದದ್ದನ್ನು ಒಂದು ಪ್ರೋಗ್ರಾಂನಿಂದ ಇನ್ನೊಂದಕ್ಕೆ, ಒಬ್ಬರ ಮೈಯಿಂದ ಇನ್ನೊಬ್ಬರ ಮೈಗೆ ದಾಟಿಸುವುದು ಈಗಲೂ ಕಷ್ಟ. ಯಾಕೆ ಕಷ್ಟ ಅನ್ನುವುದನ್ನು ಮೊದಲಿನಿಂದ ನೋಡೋಣ.

ಫೈಲಿನಲ್ಲಿ ಕುಟ್ಟುವುದು ಇಲ್ಲ, ಕೋನಗಳಿವೆ

ಕಂಪ್ಯೂಟರಿನ ಗೊಂಬೆಯೊಳಗೆ ಒಂದು ಮೂಳೆಗೂಡು ಇರುತ್ತದೆ. ಈ ಕೆಲಸದವರು ಅದನ್ನು ಸ್ಕೆಲಿಟನ್ ಅನ್ನುತ್ತಾರೆ. ಮೂಳೆಗೂಡಿನ ಜೊತೆಗೆ ಅದನ್ನು ಆಡಿಸುವ ಹಿಡಿಕೆಗಳನ್ನೂ ಜೋಡಿಸಿದರೆ ಅದು ರಿಗ್. ಹೊರಗಿನ ಚರ್ಮ, ಸೀರೆ, ಮುಖ ಎಲ್ಲ ಈ ಮೂಳೆಗಳಿಗೆ ಅಂಟಿಕೊಂಡು ಚಲಿಸುತ್ತವೆ.

ತೊಗಲುಗೊಂಬೆ ಆಟ ನೋಡಿದವರಿಗೆ ಇದು ಬೇಗ ಹೊಳೆಯುತ್ತದೆ. ಗೊಂಬೆಯ ತೋಳು, ಮೊಣಕೈ, ಮಣಿಕಟ್ಟು ಬೇರೆ ಬೇರೆ ತುಂಡುಗಳು. ನಡುವೆ ದಾರದ ಕೀಲು. ತೋಳನ್ನು ಎತ್ತಿದರೆ ಮುಂಗೈ, ಬೆರಳು ಎಲ್ಲ ಅದರ ಹಿಂದೆ ಏಳುತ್ತವೆ. ಮುಂಗೈಯನ್ನು ಮಾತ್ರ ಎತ್ತಿದರೆ ತೋಳು ಇದ್ದಲ್ಲೇ ಇರುತ್ತದೆ. ಕಂಪ್ಯೂಟರಿನ ಗೊಂಬೆಯೂ ಹಾಗೆಯೇ. ಸೊಂಟ ಎಲ್ಲದಕ್ಕೂ ಬೇರು. ಸೊಂಟಕ್ಕೆ ಬೆನ್ನು, ಬೆನ್ನಿಗೆ ಹೆಗಲು, ಹೆಗಲಿಗೆ ತೋಳು, ತೋಳಿಗೆ ಮುಂಗೈ. ಮೇಲಿನದು ತಿರುಗಿದರೆ ಕೆಳಗಿನವೆಲ್ಲ ತಿರುಗುತ್ತವೆ.

ಚಲನೆಯ ಫೈಲು ಬರೆದಿಡುವುದು ಇಷ್ಟೇ: ಈ ಗಳಿಗೆಯಲ್ಲಿ ಸೊಂಟ ಎಲ್ಲಿತ್ತು, ಒಂದೊಂದು ಕೀಲೂ ಎಷ್ಟು ಡಿಗ್ರಿ ತಿರುಗಿತ್ತು. ಅಜ್ಜಿ ಖಾರ ಕುಟ್ಟುತ್ತಿದ್ದಾಳೆ ಅನ್ನುವುದು ಫೈಲಿಗೆ ಗೊತ್ತಿಲ್ಲ. ಒನಕೆ ಇದೆ ಅನ್ನುವುದೂ ಗೊತ್ತಿಲ್ಲ. ಬಲ ಮೊಣಕೈ 62 ಡಿಗ್ರಿ, ಮುಂದಿನ ಗಳಿಗೆಯಲ್ಲಿ 64, ಆಮೇಲೆ 67. ಇಂಥ ಸಂಖ್ಯೆಗಳೇ ಎಲ್ಲ.

ಆ ಸಂಖ್ಯೆಗಳಿಗೆ ಅರ್ಥ ಬರುವುದು ಅವು ಹುಟ್ಟಿದ ಮೂಳೆಗೂಡಿನಲ್ಲಿ ಮಾತ್ರ. "ಇಲ್ಲಿಂದ ಬಲಕ್ಕೆ ತಿರುಗಿ" ಅಂದರೆ ದಾರಿ ಗೊತ್ತಾಗಬೇಕಾದರೆ ನೀವು ಎಲ್ಲಿ ನಿಂತಿದ್ದೀರಿ, ಯಾವ ಕಡೆ ಮುಖ ಮಾಡಿದ್ದೀರಿ ಅನ್ನುವುದು ಗೊತ್ತಿರಬೇಕು, ಅಲ್ವಾ? ದಾವಣಗೆರೆಯ ಜಯದೇವ ಸರ್ಕಲ್‌ನಲ್ಲಿ ನಿಂತವರಿಗೆ ಹೇಳಿದ ದಾರಿಯನ್ನು ಗಾಂಧಿ ಸರ್ಕಲ್‌ನಲ್ಲಿ ನಿಂತು ಹಿಡಿದರೆ ಬೇರೆಲ್ಲೋ ಮುಟ್ಟುತ್ತೀರಿ. ಫೈಲು ಬದಲಾಯಿಸುವಾಗ ಆಗುವ ಹೆಚ್ಚಿನ ತೊಂದರೆಗಳಿಗೆ ಇದೇ ಮೂಲ. ಸಂಖ್ಯೆಗಳು ಸರಿಯಾಗೇ ಬಂದಿರುತ್ತವೆ. ನಿಂತ ಜಾಗ ಬದಲಾಗಿರುತ್ತದೆ.

ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ

ಅಕ್ಕನ ಮಗಳ ಹತ್ತಿರ ಇದ್ದದ್ದು ಬಿವಿಎಚ್ ಫೈಲು. ಬಯೋವಿಷನ್ ಅನ್ನುವ ಕಂಪನಿ ತನ್ನ ಚಲನೆ ಹಿಡಿಯುವ ಕೆಲಸಕ್ಕೆ ಮಾಡಿಕೊಂಡ ಫೈಲಿನ ಬಗೆ (ಫಾರ್ಮ್ಯಾಟ್) ಅದು. ಕಂಪನಿಯ ಹೆಸರೇ ಫೈಲಿಗೂ ಉಳಿದಿದೆ. ಇದರ ಚೆಂದ ಏನೆಂದರೆ, ಇದು ಬರೀ ಅಕ್ಷರಗಳ ಫೈಲು. ಯಾವ ಅನಿಮೇಷನ್ ಪ್ರೋಗ್ರಾಂ ಇಲ್ಲದಿದ್ದರೂ ನೋಟ್‌ಪ್ಯಾಡಿನಲ್ಲಿ ತೆರೆದು ಓದಬಹುದು. ಕಲಿಯುವವರಿಗೆ ನಾನು ಮೊದಲು ಮಾಡಿಸುವುದೇ ಇದನ್ನು.

ತೆರೆದರೆ ಎರಡು ಭಾಗ ಕಾಣುತ್ತದೆ. ಮೊದಲನೆಯದು 'ಹೈರಾರ್ಕಿ', ಅಂದರೆ ಮೂಳೆಗಳ ವಂಶಾವಳಿ. 'ರೂಟ್ ಹಿಪ್ಸ್' ಅಂತ ಸೊಂಟದಿಂದ ಶುರು. ಅದರ ಕೆಳಗೆ ಒಂದೊಂದು ಕೀಲಿಗೂ 'ಆಫ್‌ಸೆಟ್' ಅಂತ ಮೂರು ಸಂಖ್ಯೆ. ಮೇಲಿನ ಕೀಲಿನಿಂದ ಈ ಕೀಲು ಎಷ್ಟು ದೂರ, ಯಾವ ದಿಕ್ಕಿಗೆ ಅಂತ ಅವು ಹೇಳುತ್ತವೆ. ಆಮೇಲೆ 'ಚಾನೆಲ್ಸ್'. ಸೊಂಟಕ್ಕೆ ಸಾಮಾನ್ಯವಾಗಿ 6 ಚಾನೆಲ್: ಮೂರು ಅದು ಇರುವ ಜಾಗಕ್ಕೆ, ಮೂರು ಅದರ ತಿರುಗುವಿಕೆಗೆ. ಉಳಿದ ಕೀಲುಗಳಿಗೆ ಮೂರೇ, ತಿರುಗುವಿಕೆ ಮಾತ್ರ. ತೋಳು ಹೆಗಲಿಗೆ ಅಂಟಿಕೊಂಡೇ ಇರುವುದರಿಂದ ಅದರ ಜಾಗವನ್ನು ಬೇರೆ ಹೇಳಬೇಕಿಲ್ಲ.

ಎರಡನೆಯ ಭಾಗ 'ಮೋಷನ್'. ಒಟ್ಟು ಎಷ್ಟು ಫ್ರೇಮು (ಒಂದೊಂದು ಗಳಿಗೆಯ ನಿಲುವು), ಒಂದು ಫ್ರೇಮಿಗೆ ಎಷ್ಟು ಸಮಯ ಅಂತ ಎರಡು ಸಾಲು. 0.033333 ಅಂತಿದ್ದರೆ ಸೆಕೆಂಡಿಗೆ 30 ಫ್ರೇಮು ಅಂತ ಅರ್ಥ. ಅಲ್ಲಿಂದ ಮುಂದೆ ಸಾಲು ಸಾಲು ಸಂಖ್ಯೆ. ಒಂದು ಸಾಲು ಅಂದರೆ ಒಂದು ಫ್ರೇಮು. 20 ಕೀಲು ಇರುವ ಮೂಳೆಗೂಡಾದರೆ ಒಂದು ಸಾಲಿಗೆ 63 ಸಂಖ್ಯೆ. ಅಜ್ಜಿಯ 20 ಸೆಕೆಂಡಿನ ಕುಟ್ಟುವಿಕೆ 600 ಸಾಲು, 37,800 ಸಂಖ್ಯೆ. ಅವ್ವನ ಬೆನ್ನು, ಅವ್ವನ ಮೊಣಕೈ ಎಲ್ಲ ಆ ಸಾಲುಗಳಲ್ಲಿ ಇತ್ತು. ಅದನ್ನು ಮೊದಲ ಸಲ ಹಾಗೆ ನೋಡಿದಾಗ ನನಗೆ ಒಂದು ಗಳಿಗೆ ಏನೂ ತೋಚಲಿಲ್ಲ.

ಈಗ ಈ ಫೈಲಿನಲ್ಲಿ ಏನೇನು ಇಲ್ಲ ಅಂತ ಗಮನಿಸಿ. ಅಳತೆ ಸೆಂಟಿಮೀಟರೋ ಮೀಟರೋ ಅಂತ ಬರೆದಿಲ್ಲ. ಮೂರು ದಿಕ್ಕುಗಳಲ್ಲಿ ಯಾವುದು ಮೇಲೆ ಅಂತ ಬರೆದಿಲ್ಲ. ಕೀಲುಗಳಿಗೆ ಇಂಥದ್ದೇ ಹೆಸರಿಡಬೇಕು ಅನ್ನುವ ಕಟ್ಟಳೆಯೂ ಇಲ್ಲ. ಬರೆದವರಿಗೆ ಗೊತ್ತಿತ್ತು, ಓದುವವರು ಊಹಿಸಬೇಕು.

ಇಷ್ಟೊಂದು ಬಗೆ ಏಕೆ?

ಒಂದೊಂದು ಬಗೆಯೂ ಒಂದೊಂದು ಕೆಲಸಕ್ಕೆ ಹುಟ್ಟಿತು, ಅದಕ್ಕೆ. ಆಕ್ಲೈಮ್ ಎಂಬ ಆಟದ ಕಂಪನಿ ಮೂಳೆಗೂಡಿಗೆ ಒಂದು, ಚಲನೆಗೆ ಒಂದು ಅಂತ ಎರಡು ಫೈಲು ಮಾಡಿತು: ಎಎಸ್ಎಫ್ ಮತ್ತು ಎಎಂಸಿ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ ಸೆಕೆಂಡಿಗೆ 120 ಸಲ ಚಿತ್ರ ಹಿಡಿಯುವ 12 ಇನ್‌ಫ್ರಾರೆಡ್ ಕ್ಯಾಮೆರಾ ಇಟ್ಟು, ಜನ ನಡೆಯುವುದು, ಓಡುವುದು, ಕುಣಿಯುವುದನ್ನೆಲ್ಲ ಹಿಡಿದು ಎಲ್ಲರಿಗೂ ಉಚಿತವಾಗಿ ಕೊಟ್ಟಿದೆ. ಆ ಸಂಗ್ರಹ ಇರುವುದು ಈ ಬಗೆಯಲ್ಲಿ. ಜಪಾನಿನಲ್ಲಿ 2008ರಲ್ಲಿ ಬಂದ ಮಿಕುಮಿಕುಡ್ಯಾನ್ಸ್ ಪ್ರೋಗ್ರಾಂನದು ವಿಎಂಡಿ. ಅದರಲ್ಲಿ ಮೂಳೆಗಳ ಹೆಸರೇ ಜಪಾನಿ ಲಿಪಿಯಲ್ಲಿರುತ್ತವೆ.

ಈಗ ಎಲ್ಲ ಕಡೆ ಓಡಾಡುವುದು ಎಫ್‌ಬಿಎಕ್ಸ್. ಕೆನಡಾದ ಮಾಂಟ್ರಿಯಲ್‌ನ ಕೇಡಾರಾ ಕಂಪನಿಯ ಫಿಲ್ಮ್‌ಬಾಕ್ಸ್ ಪ್ರೋಗ್ರಾಂನ ಹೆಸರಿನಿಂದ ಬಂದದ್ದು. 2006ರಿಂದ ಆಟೊಡೆಸ್ಕ್ ಕಂಪನಿಯ ಕೈಯಲ್ಲಿದೆ. ಬಿವಿಎಚ್‌ನಲ್ಲಿ ಮೂಳೆ ಮತ್ತು ಚಲನೆ ಮಾತ್ರ. ಎಫ್‌ಬಿಎಕ್ಸ್‌ನಲ್ಲಿ ಗೊಂಬೆಯ ಮೈ, ಬಣ್ಣ, ಕ್ಯಾಮೆರಾ, ದೀಪ ಎಲ್ಲ ಹೋಗುತ್ತದೆ. ಯಾವ ದಿಕ್ಕು ಮೇಲೆ, ಅಳತೆ ಯಾವುದು ಅಂತಲೂ ಬರೆದಿರುತ್ತದೆ. ಆದರೆ ಅದರ ಒಳಗಿನ ಕಟ್ಟನ್ನು ಆಟೊಡೆಸ್ಕ್ ಪೂರ್ತಿ ಬಿಚ್ಚಿ ಪ್ರಕಟಿಸಿಲ್ಲ. ಹಾಗಾಗಿ ಬೇರೆ ಪ್ರೋಗ್ರಾಂನವರು ಅದನ್ನು ತಾವೇ ಬಿಡಿಸಿ ಓದಬೇಕಾಯಿತು. ಎಲ್ಲರಿಗೂ ತೆರೆದಿಟ್ಟ ಬಗೆ ಬೇಕು ಅಂತ ಕ್ರೋನೋಸ್ ಒಕ್ಕೂಟ 2017ರಲ್ಲಿ ಜಿಎಲ್‌ಟಿಎಫ್ 2.0 ಹೊರತಂದಿತು. ಅದರಲ್ಲಿ ಊಹೆಗೆ ಜಾಗವಿಲ್ಲ: ಅಳತೆ ಮೀಟರ್, ಮೇಲೆ ಅಂದರೆ ವೈ ದಿಕ್ಕು. ವೆಬ್ಬಿಗೆ, ಮೊಬೈಲಿಗೆ ಅದು ತುಂಬ ಒಳ್ಳೆಯದು ಅಂತ ನನ್ನ ಅನುಭವ.

ಓಬವ್ವ ಮಲಗಿದ್ದು ಏಕೆ?

ಶಾಲೆಯಲ್ಲಿ ಗ್ರಾಫ್ ಹಾಳೆಯ ಮೇಲೆ ಎಕ್ಸ್ ಅಡ್ಡಕ್ಕೆ, ವೈ ಉದ್ದಕ್ಕೆ ಅಂತ ಬರೆದಿದ್ದೆವು. ಅದೇ ಹಾಳೆಯನ್ನು ಗೋಡೆಗೆ ಅಂಟಿಸಿದರೆ ವೈ ಆಕಾಶದ ಕಡೆಗೆ ತೋರಿಸುತ್ತದೆ. ಮೇಜಿನ ಮೇಲೆ ಹಾಸಿದರೆ ವೈ ನಿಮ್ಮಿಂದ ಆಚೆಗೆ ಹೋಗುತ್ತದೆ, ಆಕಾಶಕ್ಕೆ ಮೂರನೆಯ ಗೆರೆ ಝಡ್ ಬೇಕಾಗುತ್ತದೆ. ಎರಡೂ ಸರಿಯೇ. ಮಾಯಾ, ಯೂನಿಟಿ ಎಂಬ ಪ್ರೋಗ್ರಾಂಗಳವರು ಹಾಳೆಯನ್ನು ಗೋಡೆಗೆ ಅಂಟಿಸಿದರು. ಬ್ಲೆಂಡರ್, ತ್ರೀಡಿಎಸ್ ಮ್ಯಾಕ್ಸ್, ಅನ್‌ರಿಯಲ್‌ನವರು ಮೇಜಿನ ಮೇಲೆ ಹಾಸಿದರು.

ವೈ ಮೇಲೆ ಅಂತ ಬರೆದ ಫೈಲನ್ನು ಝಡ್ ಮೇಲೆ ಅಂತ ಓದಿದರೆ, ನಿಂತವಳ ಎತ್ತರ ನೆಲದ ಉದ್ದಕ್ಕೆ ಚಾಚಿಕೊಳ್ಳುತ್ತದೆ. ಮುಂದೆ ನೋಡುತ್ತಿದ್ದ ಮುಖ ಆಕಾಶ ನೋಡುತ್ತದೆ. ಅಂಗಾತ ಮಲಗಿದಂತೆ.

ಬ್ಲೆಂಡರ್ ಬಿವಿಎಚ್ ತೆಗೆದುಕೊಳ್ಳುವಾಗ 'ಅಪ್' ಯಾವುದು ಅಂತ ಕೇಳುತ್ತದೆ. ತಾನಾಗೇ ವೈ ಅಂತ ತೋರಿಸುತ್ತದೆ. ಹುಡುಗಿ ಅದನ್ನು ಝಡ್‌ಗೆ ಬದಲಾಯಿಸಿದ್ದಳು, ಬ್ಲೆಂಡರಿನಲ್ಲಿ ಮೇಲೆ ಅಂದರೆ ಝಡ್ ಅಲ್ವಾ ಅಂತ. ಅವಳ ಯೋಚನೆಯೇನೂ ದಡ್ಡತನದ್ದಲ್ಲ. ಆದರೆ ಆ ಪ್ರಶ್ನೆ ಬ್ಲೆಂಡರ್ ಬಗ್ಗೆ ಅಲ್ಲ, ಬರುತ್ತಿರುವ ಫೈಲಿನ ಬಗ್ಗೆ. ವಾಪಸ್ ವೈಗೆ ಹಾಕಿದಳು, ಓಬವ್ವ ಎದ್ದು ನಿಂತಳು.

ಪಾವು, ಸೇರು ಮತ್ತು ಫ್ರೇಮು

ಎದ್ದು ನಿಂತವಳು ಪರದೆಯಲ್ಲಿ ಕಾಣಲೇ ಇಲ್ಲ, ಕಾಲಿನ ಬೆರಳು ಮಾತ್ರ ಕಂಡಿತು. ಇದು ಅಳತೆಯ ಕಥೆ. ಅವ್ವ ಅಡುಗೆ ಹೇಳಿಕೊಡುವಾಗ "ಎರಡು ಪಾವು" ಅನ್ನುತ್ತಾಳೆ. ಕೇಳಿಸಿಕೊಂಡವರು ಬರೀ "ಎರಡು" ಅಂತ ಬರೆದುಕೊಂಡು, ಆಮೇಲೆ ಎರಡು ಕೆಜಿ ಹಾಕಿದರೆ? ಬಿವಿಎಚ್‌ನಲ್ಲಿ ಬರೀ "150" ಅಂತ ಇತ್ತು. ಬರೆದ ಸೇವೆಗೆ ಅದು ಸೆಂಟಿಮೀಟರು, ಅಜ್ಜಿಯ ಎತ್ತರ. ಬ್ಲೆಂಡರ್ ಅದನ್ನು 150 ಮೀಟರ್ ಅಂತ ಓದಿತು. ತರುವಾಗ 'ಸ್ಕೇಲ್' ಜಾಗದಲ್ಲಿ 0.01 ಅಂತ ಕೊಟ್ಟರೆ ಸರಿಹೋಗುತ್ತದೆ. ತಿರುವುಮುರುವಾಗಿ ನೂರರಿಂದ ಭಾಗವಾಗಿ ಬಂದರೆ ಗೊಂಬೆ 1.5 ಸೆಂಟಿಮೀಟರ್ ಆಗುತ್ತದೆ, ಚಳ್ಳಕೆರೆಯ ಒಂದು ಶೇಂಗಾ ಕಾಯಿಗಿಂತ ಚಿಕ್ಕದು. "ಇಂಪೋರ್ಟ್ ಆಗಿದೆ, ಆದರೆ ಏನೂ ಕಾಣ್ತಿಲ್ಲ" ಅನ್ನುವವರು ಮೊದಲು ಇದನ್ನು ನೋಡಬೇಕು.

ವೇಗದ್ದೂ ಇಂಥದ್ದೇ. ಫೋನಿನ ವಿಡಿಯೋ ಸೆಕೆಂಡಿಗೆ 30 ಫ್ರೇಮು. ಬ್ಲೆಂಡರ್ ಹೊಸದಾಗಿ ತೆರೆದಾಗ 24ಕ್ಕೆ ಇರುತ್ತದೆ. 600 ಫ್ರೇಮನ್ನು ಹಾಗೇ 24ರಲ್ಲಿ ಓಡಿಸಿದರೆ 20 ಸೆಕೆಂಡಿನ ಕೆಲಸ 25 ಸೆಕೆಂಡಿಗೆ ಎಳೆಯುತ್ತದೆ. ಕಣ್ಣಿಗೆ ತಪ್ಪು ಅಂತ ಕಾಣುವುದಿಲ್ಲ. ಆದರೆ ಒನಕೆಯ ಪೆಟ್ಟಿನಲ್ಲಿ ಕಸುವು ಇಲ್ಲ ಅನಿಸುತ್ತದೆ, ನೀರಿನೊಳಗೆ ಕುಟ್ಟಿದ ಹಾಗೆ. 120 ಫ್ರೇಮಿನ ಫೈಲನ್ನು 24ಕ್ಕೆ ಇಳಿಸುವುದು ಸುಲಭ, ಐದಕ್ಕೊಂದು ಆರಿಸಿಕೊಂಡರೆ ಆಯಿತು. 30ರಿಂದ 24ಕ್ಕೆ ಇಳಿಸುವಾಗ ಮಾತ್ರ ಎರಡು ಫ್ರೇಮುಗಳ ನಡುವಿನ ಸಂಖ್ಯೆಯನ್ನು ಪ್ರೋಗ್ರಾಂ ಲೆಕ್ಕ ಹಾಕಿ ತುಂಬಬೇಕು. ಪೆಟ್ಟು ಬೀಳುವ ಸರಿಯಾದ ಗಳಿಗೆ ಆ ನಡುವೆ ಸಿಕ್ಕಿಕೊಂಡರೆ ಸ್ವಲ್ಪ ಮೊಂಡಾಗುತ್ತದೆ. ಹಾಗಾಗಿ ಸಾಧ್ಯವಾದರೆ ಇಡೀ ಪ್ರಾಜೆಕ್ಟನ್ನೇ 30ಕ್ಕೆ ಇಟ್ಟುಕೊಳ್ಳುವುದು ಲೇಸು.

ಮೊದಲು ಎತ್ತಬೇಕಾ, ಮೊದಲು ತಿರುಗಿಸಬೇಕಾ?

ಕೈಯಲ್ಲಿರುವ ಫೋನನ್ನು ಮೇಜಿನ ಮೇಲೆ ಇಡಿ. ಪರದೆ ಮೇಲಕ್ಕೆ, ಫೋನಿನ ತಲೆ ನಿಮ್ಮಿಂದ ಆಚೆಗೆ ಇರಲಿ. ಈಗ ಮೇಜಿನ ಮೇಲೇ ಬಲಕ್ಕೆ ಕಾಲು ಸುತ್ತು ತಿರುಗಿಸಿ. ಆಮೇಲೆ ನಿಮ್ಮಿಂದ ದೂರ ಇರುವ ಅಂಚನ್ನು ಹಿಡಿದು ಎತ್ತಿ ನಿಲ್ಲಿಸಿ. ಫೋನು ಅಡ್ಡಡ್ಡಲಾಗಿ ನಿಂತು ಪರದೆ ನಿಮ್ಮನ್ನು ನೋಡುತ್ತದೆ.

ಮತ್ತೆ ಮೊದಲಿನಂತೆ ಇಡಿ. ಈ ಸಲ ಮೊದಲು ದೂರದ ಅಂಚನ್ನು ಎತ್ತಿ ನಿಲ್ಲಿಸಿ. ಆಮೇಲೆ, ನಿಂತ ಫೋನನ್ನು ಬಲಕ್ಕೆ ಕಾಲು ಸುತ್ತು ತಿರುಗಿಸಿ. ಈಗ ಫೋನು ಉದ್ದಕ್ಕೆ ನಿಂತಿದೆ, ಪರದೆ ನಿಮ್ಮ ಎಡಗಡೆ ನೋಡುತ್ತಿದೆ.

ಮಾಡಿದ ಕೆಲಸ ಎರಡೇ, ಎರಡೂ ಸಲ ಅವೇ. ಕ್ರಮ ಬದಲಾಯಿತು, ಫೋನು ನಿಂತ ರೀತಿಯೇ ಬದಲಾಯಿತು.

ಕೀಲುಗಳನ್ನು ಮೂರು ಕೋನಗಳಿಂದ ಹೇಳುವಾಗಲೂ ಹೀಗೆ. ಎಕ್ಸ್, ವೈ, ಝಡ್ ಮೂರನ್ನು ಆರು ಕ್ರಮದಲ್ಲಿ ಜೋಡಿಸಬಹುದು. ಬಿವಿಎಚ್‌ನಲ್ಲಿ ಆ ಕ್ರಮ ಚಾನೆಲ್ಸ್ ಸಾಲಿನಲ್ಲೇ ಬರೆದಿರುತ್ತದೆ, ಹೆಚ್ಚಾಗಿ ಝಡ್, ಎಕ್ಸ್, ವೈ. ಅದನ್ನು ಓದದೆ ತನ್ನದೇ ಕ್ರಮ ಹಿಡಿಯುವ ಪ್ರೋಗ್ರಾಂ ಸಿಕ್ಕರೆ, ಗೊಂಬೆ ಸುಮ್ನೆ ನಿಂತಾಗ ಎಲ್ಲ ಸರಿ ಕಾಣುತ್ತದೆ. ಕೈ ಜಾಸ್ತಿ ಎತ್ತಿದ ಕೂಡಲೇ ತಿರುಚಿಕೊಳ್ಳುತ್ತದೆ. ಕೋನ ಚಿಕ್ಕದಿರುವಾಗ ಕ್ರಮದ ತಪ್ಪು ಕಾಣುವುದಿಲ್ಲ, ದೊಡ್ಡದಾದಾಗ ಬಯಲಾಗುತ್ತದೆ.

ಇನ್ನೊಂದು ತೊಡಕು ಸುತ್ತಿನ ಅಂಚಿನದು. 179 ಡಿಗ್ರಿಗೂ ಮೈನಸ್ 179 ಡಿಗ್ರಿಗೂ ನಿಜವಾದ ಅಂತರ ಎರಡೇ ಡಿಗ್ರಿ. ಗಡಿಯಾರದಲ್ಲಿ 12ರ ಆಚೆಗೊಂದು ಈಚೆಗೊಂದು ಗೆರೆ ಇದ್ದ ಹಾಗೆ. ಆದರೆ ಬರೀ ಸಂಖ್ಯೆಯಾಗಿ ನೋಡುವ ಯಂತ್ರ ನಡುವಿನ ಫ್ರೇಮು ತುಂಬುವಾಗ 358 ಡಿಗ್ರಿ ಹಿಂದಕ್ಕೆ ಸುತ್ತಿ ಬರುತ್ತದೆ. ಗೊಂಬೆಯ ಮಣಿಕಟ್ಟು ಒಂದು ಕ್ಷಣ ಗಿರ್ರನೆ ತಿರುಗುವುದು ಇದರಿಂದಲೇ. ಇದಕ್ಕೆ ಮದ್ದಾಗಿ ಬಂದದ್ದು ಕ್ವಾಟರ್ನಿಯನ್. ಐರ್ಲೆಂಡಿನ ಗಣಿತಜ್ಞ ಹ್ಯಾಮಿಲ್ಟನ್ 1843ರಲ್ಲಿ ಕಂಡುಕೊಂಡದ್ದು. ಮೂರು ಕೋನದ ಬದಲು ನಾಲ್ಕು ಸಂಖ್ಯೆಗಳಲ್ಲಿ ಇಡೀ ತಿರುಗುವಿಕೆಯನ್ನು ಒಟ್ಟಿಗೆ ಹೇಳುತ್ತದೆ. ಕ್ರಮದ ಜಗಳ ಇಲ್ಲ, ಎರಡು ನಿಲುವುಗಳ ನಡುವೆ ಹತ್ತಿರದ ದಾರಿ ಹಿಡಿಯುವುದೂ ಸುಲಭ. ಜಿಎಲ್‌ಟಿಎಫ್ ತಿರುಗುವಿಕೆಯನ್ನು ಹೀಗೇ ಇಡುತ್ತದೆ.

ಶಾಲೆಯ ಹೆಸರು, ಮನೆಯ ಹೆಸರು

ಒಂದೇ ಹುಡುಗನಿಗೆ ಶಾಲೆಯಲ್ಲಿ ಒಂದು ಹೆಸರು, ಮನೆಯಲ್ಲಿ ಒಂದು ಹೆಸರು, ಅಜ್ಜಿ ಊರಿನಲ್ಲಿ ಇನ್ನೊಂದು ಇರುತ್ತದಲ್ಲ, ಮೂಳೆಗಳದ್ದೂ ಹಾಗೆ. ಎಡತೋಳಿನ ಮೂಳೆ ಕಾರ್ನೆಗಿ ಮೆಲನ್ ಸಂಗ್ರಹದಲ್ಲಿ 'ಎಲ್‌ಹ್ಯೂಮರಸ್', ಅಡೋಬಿಯ ಮಿಕ್ಸಾಮೋ ಎಂಬ ಆನ್‌ಲೈನ್ ಸೇವೆಯಲ್ಲಿ 'ಲೆಫ್ಟ್‌ಆರ್ಮ್'. ಅದಕ್ಕೇ ಒಂದು ಮೂಳೆಗೂಡಿನ ಚಲನೆಯನ್ನು ಇನ್ನೊಂದಕ್ಕೆ ಕೊಡುವಾಗ ಇದಕ್ಕೆ ಇದು, ಅದಕ್ಕೆ ಅದು ಅಂತ ಒಂದು ಜೋಡಿಪಟ್ಟಿ ಮಾಡಬೇಕು. ಯೂನಿಟಿ ಇದಕ್ಕೆ ಒಂದು ನಡುವಿನ ಮನುಷ್ಯಾಕೃತಿಯನ್ನೇ ಇಟ್ಟುಕೊಂಡಿದೆ. ಕಡಿಮೆ ಅಂದರೂ 15 ಮೂಳೆ ಅದಕ್ಕೆ ಜೋಡಿಯಾಗಬೇಕು.

ಇಲ್ಲಿ ಒಂದು ಹಳ್ಳವಿದೆ. 'ಲೆಫ್ಟ್ ಶೋಲ್ಡರ್' ಅನ್ನುವ ಹೆಸರು. ಕೀಲಿನ ಹೆಸರಿಡುವ ಕೆಲವು ಬಿವಿಎಚ್ ಫೈಲುಗಳಲ್ಲಿ ಅದು ತೋಳು ಶುರುವಾಗುವ ಕೀಲು. ಮಿಕ್ಸಾಮೋ ಬಗೆಯಲ್ಲಿ ಅದು ಕುತ್ತಿಗೆಯ ಬುಡದ ಹೆಗಲ ಮೂಳೆ, ಅಂದರೆ ಒಂದು ಮೆಟ್ಟಿಲು ಮೇಲಿನದು. ಹೆಸರು ನೋಡಿ ಜೋಡಿಸಿದರೆ ತೋಳಿನ ಪೂರ್ತಿ ಬೀಸು ಹೆಗಲಿಗೆ ಹೋಗುತ್ತದೆ, ಹೆಗಲು ಕಿವಿಯ ತನಕ ಏರುತ್ತದೆ. ಹೆಸರನ್ನು ನಂಬಬೇಡಿ. ಆ ಮೂಳೆಯನ್ನು ಒಮ್ಮೆ ತಿರುಗಿಸಿ, ಏನು ಅಲ್ಲಾಡುತ್ತದೆ ಅಂತ ಕಣ್ಣಾರೆ ನೋಡಿ ಜೋಡಿಸಿ.

ಕೈ ಎದೆಯೊಳಗೆ ಹೋದದ್ದು

ಗೊಂಬೆ ಮಾಡುವಾಗ ಅದನ್ನು ಯಾವುದೋ ಒಂದು ಭಂಗಿಯಲ್ಲಿ ನಿಲ್ಲಿಸಿ ಮೂಳೆ ಹಾಕುತ್ತಾರೆ. ಅದಕ್ಕೆ ರೆಸ್ಟ್ ಪೋಸ್ ಅನ್ನುತ್ತಾರೆ, ಶುರುವಿನ ನಿಲುವು. ಎರಡು ಬಗೆ ಹೆಚ್ಚು ಬಳಕೆಯಲ್ಲಿದೆ. ಕೈ ಎರಡನ್ನೂ ನೇರ ಪಕ್ಕಕ್ಕೆ ಚಾಚಿದರೆ ಟಿ ಅಕ್ಷರದ ಹಾಗೆ ಕಾಣುತ್ತದೆ, ಅದು ಟಿ ಪೋಸ್. ಅರ್ಧ ಇಳಿಸಿದರೆ ಎ ಪೋಸ್.

ಫೈಲಿನಲ್ಲಿರುವ ಕೋನಗಳೆಲ್ಲ ಈ ಶುರುವಿನ ನಿಲುವಿನಿಂದ ಎಣಿಸಿದವು. ಅಜ್ಜಿಯ ಫೈಲು ಟಿ ಪೋಸಿನದು. ಅವಳು ಕೈ ಇಳಿಬಿಟ್ಟು ನಿಂತಿದ್ದಾಗ ಫೈಲು 90 ಡಿಗ್ರಿ ಕೆಳಗೆ ಅಂತ ಬರೆದುಕೊಂಡಿತ್ತು. ಓಬವ್ವನ ಗೊಂಬೆ ಎ ಪೋಸಿನದು, ಕೈ ಆಗಲೇ 45 ಡಿಗ್ರಿ ಇಳಿದಿತ್ತು. ಅಲ್ಲಿಂದ ಮತ್ತೆ 90 ಇಳಿಸಿದರೆ ಒಟ್ಟು 135. ಕೈ ಪಕ್ಕೆಗೆ ಬಂದು ನಿಲ್ಲುವ ಬದಲು ಪಕ್ಕೆಯನ್ನು ದಾಟಿ ಮೈಯೊಳಗೆ ನುಗ್ಗಿತು.

ಸರಿ ಮಾಡುವುದು ಕಷ್ಟವಲ್ಲ. ಚಲನೆ ಹಚ್ಚುವ ಮೊದಲು ಎರಡೂ ಮೂಳೆಗೂಡುಗಳನ್ನು ಒಂದೇ ನಿಲುವಿಗೆ ತರಬೇಕು. ಓಬವ್ವನ ಕೈಯನ್ನು ಟಿ ಪೋಸಿಗೆ ಎತ್ತಿ, "ಎಣಿಕೆ ಇಲ್ಲಿಂದ" ಅಂತ ಪ್ರೋಗ್ರಾಂಗೆ ಹೇಳಬೇಕು. ನನ್ನ ಲೆಕ್ಕದಲ್ಲಿ ಹೊಸಬರಿಗೆ ಅತಿ ಹೆಚ್ಚು ಹೊತ್ತು ತಿನ್ನುವ ತಪ್ಪು ಇದೇ. ಯಾಕೆಂದರೆ ತಪ್ಪು ಕಾಣುವುದು ಚಲನೆಯಲ್ಲಿ, ಇರುವುದು ಚಲನೆ ಶುರುವಾಗುವ ಮೊದಲಿನ ನಿಲುವಿನಲ್ಲಿ.

ಗಿಡ್ಡ ಅಜ್ಜಿ, ಎತ್ತರದ ಓಬವ್ವ

ಇಷ್ಟು ಹೊತ್ತು ನೋಡಿದ್ದು ಫೈಲನ್ನು ಸರಿಯಾಗಿ ಓದುವ ಮಾತು. ಇನ್ನು ಮುಂದಿನದು ಬೇರೆ ಕೆಲಸ. ಒಬ್ಬರ ಮೈಯ ಚಲನೆಯನ್ನು ಬೇರೆ ಅಳತೆಯ ಮೈಗೆ ಹೊಂದಿಸುವುದು. ಇದಕ್ಕೆ ರೀಟಾರ್ಗೆಟಿಂಗ್ ಅನ್ನುತ್ತಾರೆ. ಫೈಲಿನ ಬಗೆ ಬದಲಾಯಿಸುವುದೂ ರೀಟಾರ್ಗೆಟಿಂಗೂ ಒಂದೇ ಅಂತ ಬಹಳ ಜನ ತಿಳಿದಿದ್ದಾರೆ. ಬಟ್ಟೆಯನ್ನು ಒಂದು ಅಂಗಡಿಯಿಂದ ಇನ್ನೊಂದಕ್ಕೆ ಸಾಗಿಸುವುದು ಬೇರೆ, ಅಣ್ಣನ ಅಂಗಿಯನ್ನು ತಮ್ಮನ ಮೈಗೆ ಹಿಡಿಸುವುದು ಬೇರೆ.

ನಮ್ಮವ್ವ ಗಿಡ್ಡ. ಸೊಂಟ ನೆಲದಿಂದ 80 ಸೆಂಟಿಮೀಟರ್ ಅಂತ ಇಟ್ಟುಕೊಳ್ಳಿ. ಹುಡುಗಿ ಮಾಡಿದ ಓಬವ್ವ ಎತ್ತರದ ಹೆಂಗಸು, ಸೊಂಟ 100 ಸೆಂಟಿಮೀಟರಿನಲ್ಲಿ. ಅಜ್ಜಿಯ ಸೊಂಟದ ಜಾಗವನ್ನು ಹಾಗೇ ನಕಲು ಮಾಡಿದರೆ ಓಬವ್ವನ ಸೊಂಟವೂ 80ಕ್ಕೆ ಬಂದು ಕೂರುತ್ತದೆ. ಕಾಲು ಮಾತ್ರ 100 ಉದ್ದ ಇದೆ. ಪಾದ ಹೆಚ್ಚುಕಡಿಮೆ ಒಂದು ಗೇಣು ನೆಲದೊಳಗೆ ಹೂತುಹೋಗುತ್ತದೆ. ಅದಕ್ಕೆ ಸೊಂಟದ ಚಲನೆಯನ್ನೆಲ್ಲ 100 ಭಾಗಿಸು 80, ಅಂದರೆ 1.25ರಿಂದ ಗುಣಿಸಬೇಕು. ಏಳುವುದು, ಕೂರುವುದು, ಮುಂದೆ ಹೆಜ್ಜೆ ಇಡುವುದು ಎಲ್ಲಕ್ಕೂ ಇದೇ ಲೆಕ್ಕ. ಹೆಜ್ಜೆಯನ್ನು ಗುಣಿಸದೆ ಬಿಟ್ಟರೆ ಉದ್ದ ಕಾಲು ದೊಡ್ಡ ಹೆಜ್ಜೆ ಹಾಕುತ್ತದೆ, ಮೈ ಮಾತ್ರ ಚಿಕ್ಕ ಹೆಜ್ಜೆಯಷ್ಟೇ ಮುಂದೆ ಹೋಗುತ್ತದೆ. ಪಾದ ನೆಲದ ಮೇಲೆ ಎಣ್ಣೆ ಚೆಲ್ಲಿದ ಹಾಗೆ ಜಾರುತ್ತದೆ. ಅನಿಮೇಷನ್ನಿನಲ್ಲಿ ಏನೋ ಸರಿಯಿಲ್ಲ ಅಂತ ನೋಡುವವರಿಗೆ ಅನಿಸುವುದಕ್ಕೆ ಬಹಳ ಸಲ ಇದೇ ಕಾರಣ.

ಒನಕೆಯದು ಇದಕ್ಕಿಂತ ಬಿಗಿಯಾದ ಗಂಟು. ಅಜ್ಜಿಯ ಎರಡೂ ಕೈ ಒಂದೇ ಒನಕೆಯ ಮೇಲೆ ಒಂದರ ಕೆಳಗೊಂದು ಇದ್ದವು. ಅವಳ ತೋಳಿನ ಉದ್ದಕ್ಕೆ, ಅವಳ ಹೆಗಲಿನ ಅಗಲಕ್ಕೆ ಆ ಕೋನಗಳು ಸರಿಹೊಂದಿದ್ದವು. ಅವೇ ಕೋನಗಳನ್ನು ಉದ್ದ ತೋಳಿಗೆ, ಅಗಲ ಹೆಗಲಿಗೆ ಕೊಟ್ಟರೆ ಕೈಗಳು ಬೇರೆ ಬೇರೆ ಜಾಗಕ್ಕೆ ಹೋಗುತ್ತವೆ. ಒಂದು ಕೋನವೂ ತಪ್ಪಿಲ್ಲ. ಆದರೆ ಕೈಗಳ ನಡುವೆ ಒನಕೆ ಇಲ್ಲ.

1998ರಲ್ಲಿ ಮೈಕಲ್ ಗ್ಲೈಕರ್ ಎಂಬ ಸಂಶೋಧಕರು ಸಿಗ್ರಾಫ್ ಎಂಬ ಕಂಪ್ಯೂಟರ್ ಗ್ರಾಫಿಕ್ಸ್ ಸಮ್ಮೇಳನದಲ್ಲಿ ಮಂಡಿಸಿದ ಪ್ರಬಂಧದ ತಿರುಳು ಇದೇ. ಚಲನೆಯಲ್ಲಿ ಉಳಿಯಲೇಬೇಕಾದದ್ದು ಯಾವುದು ಅಂತ ಮೊದಲು ಗುರುತಿಸಿಕೊಳ್ಳಿ: ಪಾದ ನೆಲಕ್ಕೆ ತಾಗಿರಬೇಕು, ಕೈ ವಸ್ತುವಿಗೆ ತಾಗಿರಬೇಕು. ಅದನ್ನು ಬಿಡದೆ, ಉಳಿದ ಕೋನಗಳನ್ನು ಆದಷ್ಟು ಕಡಿಮೆ ಬದಲಾಯಿಸಿ.

ಇದನ್ನು ಮಾಡಲು ಬಳಸುವ ಉಪಾಯಕ್ಕೆ ಐಕೆ ಅಂತ ಹೆಸರು, ತಿರುವುಮುರುವಿನ ಲೆಕ್ಕ. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೋಗುವ ಬಸ್ಸಿನಲ್ಲಿ ಸೀಟು ಸಿಗದೆ ಮೇಲಿನ ಕಂಬಿ ಹಿಡಿದು ನಿಂತವರನ್ನು ನೋಡಿ. ಬಸ್ಸು ಹಳ್ಳಕ್ಕೆ ಬಿದ್ದಾಗ ಮೈ ವಾಲುತ್ತದೆ. ಕೈ ಕಂಬಿಯನ್ನು ಬಿಡುವುದಿಲ್ಲ. ಮೊಣಕೈ ಎಷ್ಟು ಮಡಚಬೇಕು, ಹೆಗಲು ಎಷ್ಟು ಏರಬೇಕು ಅಂತ ಯಾರೂ ಯೋಚಿಸುವುದಿಲ್ಲ. ಕೈ ಅಲ್ಲೇ ಇರಬೇಕು ಅನ್ನುವುದೊಂದೇ ಗಟ್ಟಿ, ಉಳಿದದ್ದು ತಾನೇ ಹೊಂದಿಕೊಳ್ಳುತ್ತದೆ. ಐಕೆ ಮಾಡುವುದು ಇದನ್ನೇ. ಅಂಗೈ ಎಲ್ಲಿರಬೇಕು ಅಂತ ನಾವು ಹೇಳುತ್ತೇವೆ, ಹೆಗಲು ಮೊಣಕೈಗಳ ಕೋನವನ್ನು ಅದು ಲೆಕ್ಕ ಹಾಕುತ್ತದೆ.

ಓಬವ್ವನ ಬಲಗೈಗೆ ಒನಕೆಯನ್ನು ಕಟ್ಟಿದೆವು. ಒನಕೆಯ ಮೇಲೆ ಎಡಗೈ ಹಿಡಿಯಬೇಕಾದ ಜಾಗದಲ್ಲಿ ಒಂದು ಗುರುತು ಇಟ್ಟು, ಎಡಗೈಯನ್ನು ಐಕೆಯಿಂದ ಅಲ್ಲಿಗೆ ಹಿಡಿಸಿದೆವು. ಎರಡೂ ಪಾದಗಳನ್ನು ನೆಲಕ್ಕೆ. ವಿಡಿಯೋದಿಂದ ಬಂದ ಫೈಲಿನಲ್ಲಿ ಪಾದ ಸಣ್ಣಗೆ ನಡುಗುತ್ತಿತ್ತು, ಅದೂ ನಿಂತಿತು. ಬೆರಳುಗಳ ಚಲನೆ ಫೈಲಿನಲ್ಲಿ ಇರಲೇ ಇಲ್ಲ. ಅವನ್ನು ಒನಕೆಯ ಸುತ್ತ ಕೈಯಿಂದಲೇ ಮಡಚಬೇಕಾಯಿತು.

ಮಂಡಕ್ಕಿ ಮತ್ತೆ ಭತ್ತ ಆಗಲ್ಲ

ಇಷ್ಟೆಲ್ಲ ಮಾಡಿದ ಮೇಲೆ ಬೇರೆ ಪ್ರೋಗ್ರಾಂಗೆ ಕಳಿಸುವುದಾದರೆ ಇನ್ನೊಂದು ಮಾತು. ಐಕೆ, ಕಟ್ಟುಗಳು, ಹಿಡಿಕೆಗಳು ಒಂದೊಂದು ಪ್ರೋಗ್ರಾಂನ ಮನೆಯೊಳಗಿನ ಏರ್ಪಾಡು. ಎಫ್‌ಬಿಎಕ್ಸ್‌ನಲ್ಲಿ ಕಳಿಸಿದರೂ ಅವು ಆಚೆ ಹೋಗಿ ಕೆಲಸ ಮಾಡುತ್ತವೆ ಅಂತ ನಂಬುವ ಹಾಗಿಲ್ಲ. ಅದಕ್ಕೆ ಕಳಿಸುವ ಮೊದಲು 'ಬೇಕ್' ಮಾಡುತ್ತಾರೆ. ಅಂದರೆ ಐಕೆ ಲೆಕ್ಕ ಹಾಕಿದ್ದನ್ನೆಲ್ಲ ಫ್ರೇಮಿಗೆ ಒಂದರಂತೆ ಮೂಳೆಗಳ ಮೇಲೇ ಬರೆದುಬಿಡುವುದು. ಆಮೇಲೆ ಐಕೆ ಇಲ್ಲದಿದ್ದರೂ ಚಲನೆ ಉಳಿಯುತ್ತದೆ.

ದಾವಣಗೆರೆಯ ಮಂಡಕ್ಕಿ ಭಟ್ಟಿ ನೋಡಿದವರಿಗೆ ಗೊತ್ತು, ಒಮ್ಮೆ ಅರಳಿದ ಮಂಡಕ್ಕಿ ಮತ್ತೆ ಭತ್ತ ಆಗುವುದಿಲ್ಲ. ಬೇಕ್ ಮಾಡಿದ ಮೇಲೆ ಒನಕೆಯನ್ನು ಸ್ವಲ್ಪ ಸರಿಸಬೇಕು ಅನಿಸಿದರೆ 600 ಫ್ರೇಮನ್ನೂ ಕೈಯಲ್ಲಿ ತಿದ್ದಬೇಕು. ಬೇಕ್ ಮಾಡುವ ಮೊದಲಿನ ಫೈಲನ್ನು ಬೇರೆ ಹೆಸರಿನಲ್ಲಿ ತೆಗೆದಿಡಿ. ಮೂಲ ಬಿವಿಎಚ್, ಮೂಲ ವಿಡಿಯೋ ಎರಡನ್ನೂ ಇಟ್ಟುಕೊಳ್ಳಿ.

ಕೈ ಬದಲಾಯಿಸುವ ಗಳಿಗೆ

ಕೆಲಸ ಮುಗಿಯಿತು ಅಂದುಕೊಂಡಾಗ ಹುಡುಗಿ ಮತ್ತೆ ಫೋನ್ ಮಾಡಿದಳು. "ಎಲ್ಲ ಸರಿ ಇದೆ ಮಾಮಾ, ಆದರೆ ಅಜ್ಜಿ ಕುಟ್ಟಿದ ಹಾಗೆ ಕಾಣ್ತಿಲ್ಲ." ನಾನು ವಿಡಿಯೋವನ್ನೂ ಅನಿಮೇಷನ್ನನ್ನೂ ಅಕ್ಕಪಕ್ಕ ಇಟ್ಟು ನಿಧಾನಕ್ಕೆ ಓಡಿಸಿದೆ. ಅವಳು ಹೇಳಿದ್ದು ನಿಜ. ಅವ್ವ ಎರಡೂ ಕೈಯಲ್ಲಿ ಒನಕೆ ಹಿಡಿದೇ ಇರುತ್ತಿರಲಿಲ್ಲ. ಎರಡು ಮೂರು ಪೆಟ್ಟು ಎರಡೂ ಕೈ. ಆಮೇಲೆ ಒನಕೆ ಮೇಲೆ ಬಂದಾಗ ಬಲಗೈ ಬಿಟ್ಟು ಎಡಗೈಯಲ್ಲಿ ಒಂದು ಪೆಟ್ಟು, ಮುಂದಿನದು ಬಲಗೈಯಲ್ಲಿ. ಬಿಟ್ಟ ಕೈ ಆ ಸಂದಿನಲ್ಲಿ ಒರಳಿನ ಅಂಚಿಗೆ ಬಂದ ಖಾರವನ್ನು ಒಳಗೆ ತಳ್ಳುತ್ತಿತ್ತು. ನಾವು ಎರಡೂ ಕೈಗಳನ್ನು ಒನಕೆಗೆ ಕಟ್ಟಿಹಾಕಿದ್ದೆವು.

ಐಕೆಯ ಹಿಡಿತವನ್ನು ಫ್ರೇಮಿನಿಂದ ಫ್ರೇಮಿಗೆ ಹೆಚ್ಚು ಕಡಿಮೆ ಮಾಡಬಹುದು. 1 ಅಂದರೆ ಪೂರ್ತಿ ಹಿಡಿತ, 0 ಅಂದರೆ ಬಿಟ್ಟಂತೆ. ಹಾಗಾದರೆ ಯಾವ ಫ್ರೇಮಿನಲ್ಲಿ ಬಿಡಬೇಕು? ವಿಡಿಯೋದಲ್ಲಿ ಅಜ್ಜಿಯ ಸೆರಗು ಕೈಯನ್ನು ಮರೆಮಾಡುತ್ತಿತ್ತು, ಕಣ್ಣಿಗೆ ಸರಿಯಾಗಿ ಗೊತ್ತಾಗುತ್ತಿರಲಿಲ್ಲ. ಹುಡುಗಿ ವಿಡಿಯೋದ ಸದ್ದನ್ನು ಜೋರು ಮಾಡಿದಳು. ಕೈ ಬದಲಾಯಿಸುವ ಮೊದಲು ಪ್ರತಿ ಸಲವೂ ಅಜ್ಜಿ "ಹ್ಞೂಂ" ಅಂತ ಉಸಿರು ಬಿಡುತ್ತಿದ್ದಳು. ಆ ಉಸಿರು ಎಲ್ಲೆಲ್ಲಿ ಕೇಳುತ್ತದೆ ಅಂತ ನೋಟ್‌ಬುಕ್ಕಿನಲ್ಲಿ ಫ್ರೇಮಿನ ಸಂಖ್ಯೆಗಳನ್ನು ಒಂದೊಂದಾಗಿ ಬರೆದುಕೊಂಡು, ಅಲ್ಲೆಲ್ಲ ಬಲಗೈಯನ್ನೋ ಎಡಗೈಯನ್ನೋ ಒನಕೆಯಿಂದ ಬಿಡಿಸಿದಳು.